ನಾಡಿ ಡಾಕ್ಟರು ಪಾಸು ಮಾಡಿದ ಫ್ಯಾನ್ ಕಂಪನಿ

ಫ್ಯಾನ್ ಕಾರ್ಖಾನೆಯ ಗೋದಾಮಿನಲ್ಲಿ ಮಾಲು ಕಳಿಸುವ ಸೂಪರ್‌ವೈಸರ್ ಅವನು. ಆದರೆ ಅಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ನಾಡಿ ಡಾಕ್ಟರು ಎಂದು. ಕ್ಯಾಂಟೀನಿನಲ್ಲಿ ಯಾರಾದರೂ ಷೇರಿನ ಮಾತೆತ್ತಿದರೆ ಸಾಕು, ಟೀ ಲೋಟ ಪಕ್ಕಕ್ಕಿಟ್ಟು ಆ ಕಂಪನಿಯ ವಾರ್ಷಿಕ ವರದಿಯನ್ನು ಮೊಬೈಲಿನಲ್ಲಿ ತೆರೆಯುತ್ತಿದ್ದ. ಬೆಲೆ ಏರಿತೆಂದು ಕೊಳ್ಳಲು ಓಡುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.

"ಬೆಲೆ ಅನ್ನೋದು ಮುಖದ ಪೌಡರು. ಸಾಲ ಎಷ್ಟಿದೆ, ಹಾಕಿದ ಬಂಡವಾಳಕ್ಕೆ ಎಷ್ಟು ದುಡೀತಿದೆ, ತೋರಿಸಿದ ಲಾಭ ನಗದಾಗಿ ಕೈಗೆ ಬಂತಾ, ಅದನ್ನ ನೋಡಿ" ಎನ್ನುತ್ತಿದ್ದ.

ಕೊನೆಯದರ ವಿಷಯದಲ್ಲಂತೂ ಅವನು ಯಮ. ಲಾಭ ಏರುತ್ತಿದ್ದರೂ ನಗದು ಬಾರದ ಕಂಪನಿಯನ್ನು ಮುಲಾಜಿಲ್ಲದೆ ತಳ್ಳಿಹಾಕುತ್ತಿದ್ದ. ಅವನ ಮಾತು ಕೇಳಿ ಕೈ ಸುಟ್ಟುಕೊಂಡವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಭಾವ ತೀರಿಕೊಂಡ ಮೇಲೆ ಅಕ್ಕನಿಗೆ ವಿಮೆಯ ಹಣ ಬಂದಿತ್ತು. ಮಕ್ಕಳಿಲ್ಲ, ಇರುವುದು ಬಾಡಿಗೆಯ ಒಂದು ಕೋಣೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಬೆಡ್‌ಶೀಟುಗಳನ್ನು ಎತ್ತಿ ಎತ್ತಿ ಅವಳ ಸೊಂಟ ಬಿದ್ದುಹೋಗಿತ್ತು. ಆ ಹಣ ಇನ್ನೊಂದಿಷ್ಟು ಬೆಳೆದರೆ ಕೆಲಸ ಬಿಟ್ಟು ಕೂತು ಉಣ್ಣಬಹುದೆಂಬುದೊಂದೇ ಅವಳ ಆಸೆ.

"ನಿಮ್ಮ ಕಂಪನೀದೇ ತಗೊಂಡ್ರೆ ಹೇಗೋ? ನಿನಗೆ ಅದರ ಒಳಗೂ ಹೊರಗೂ ಗೊತ್ತಲ್ಲ" ಎಂದಳು.

"ತಡಿ ಅಕ್ಕ, ನೋಡಿ ಹೇಳ್ತೀನಿ."

ನೋಡಿದ. ಸಾಲ ಕಡಿಮೆ. ಗಳಿಕೆಗೆ ಹೋಲಿಸಿದರೆ ಷೇರು ಅಗ್ಗ. ಲಾಭ ವರ್ಷದಿಂದ ವರ್ಷಕ್ಕೆ ಮೇಲೆ. ಆದರೆ ನಗದು ಮಾತ್ರ ಇಲ್ಲ. ವ್ಯಾಪಾರಿಗಳಿಂದ ಬರಬೇಕಾದ ಬಾಕಿ ಬೆಟ್ಟದಷ್ಟು. ಬೇರೆ ಯಾವ ಕಂಪನಿಯಾಗಿದ್ದರೂ ಅಲ್ಲಿಗೇ ಕೈತೊಳೆದುಕೊಳ್ಳುತ್ತಿದ್ದ. ಇಲ್ಲಿ ಅವನಿಗೆ ತನ್ನ ಕಣ್ಣೇ ಸಾಕ್ಷಿಯಾಯಿತು. ಲೆಕ್ಕದ ವರ್ಷ ಮುಗಿಯುವ ವಾರ ಲಾರಿ ಮೇಲೆ ಲಾರಿ ಫ್ಯಾನು ತುಂಬಿಸಿ ಗೇಟು ದಾಟಿಸಿದವನು ತಾನೇ ಅಲ್ಲವೇ? ಮಾಲು ಹೋಗಿದೆ, ದುಡ್ಡು ಇವತ್ತಲ್ಲ ನಾಳೆ ಬಂದೇ ಬರುತ್ತದೆ ಅಂದುಕೊಂಡ.

"ಧೈರ್ಯವಾಗಿ ಹಾಕು" ಎಂದ. ಅಕ್ಕ ಇದ್ದದ್ದನ್ನೆಲ್ಲ ಹಾಕಿದಳು.

ಆದರೆ ಹಾಗೆ ಹೋದ ಫ್ಯಾನಿನ ಪೆಟ್ಟಿಗೆಗಳಲ್ಲಿ ಮುಕ್ಕಾಲು ಪಾಲು ಹೊಸ ವರ್ಷದ ಲೆಕ್ಕ ಶುರುವಾದ ಮೇಲೆ ವಾಪಸು ಬರುತ್ತಿದ್ದವು. ಪ್ಯಾಕಿಂಗ್ ಬದಲಾಯಿಸಬೇಕಂತೆ ಎಂದು ಮ್ಯಾನೇಜರು ಹೇಳುತ್ತಿದ್ದರು; ಇವನು ಗೊಣಗುತ್ತಾ ಇಳಿಸಿಕೊಳ್ಳುತ್ತಿದ್ದ. ಪ್ರತಿ ವರ್ಷವೂ ಇದೇ ಕಥೆ. ಅದು ಅವನಿಗೆ ಬೆನ್ನು ಮುರಿಯುವ ಕೆಲಸವಾಗಿ ಕಂಡಿತ್ತೇ ಹೊರತು ಲೆಕ್ಕವಾಗಿ ಕಂಡಿರಲಿಲ್ಲ. ಊರಿನ ಕಂಪನಿಗಳ ನಾಡಿಯನ್ನೆಲ್ಲ ಹಿಡಿದ ಮಹಾನುಭಾವ, ತನ್ನ ಕೈಯಲ್ಲಿದ್ದ ಪೆಟ್ಟಿಗೆಗೂ ವರದಿಯ ಬಾಕಿಗೂ ಗಂಟು ಹಾಕಿ ನೋಡಲಿಲ್ಲ. ಇಂಥ ಜಾಣನನ್ನು ಏನೆಂದು ಬಯ್ಯಬೇಕೋ ತಿಳಿಯದು.

ಕೊನೆಗೊಂದು ದಿನ ಷೇರುಪೇಟೆಯ ತನಿಖೆಯವರು ಬಂದು ಊರಾಚೆಯ ಬಾಡಿಗೆ ಶೆಡ್ಡಿನ ಬಾಗಿಲು ತೆಗೆಸಿದರು. ಮಾರಾಟವಾಯಿತೆಂದು ಬರೆದುಕೊಂಡ ಫ್ಯಾನುಗಳು ಯಾವ ಅಂಗಡಿಯ ಮುಖವನ್ನೂ ಕಂಡಿರಲಿಲ್ಲ, ಆ ಶೆಡ್ಡಿಗೆ ಹೋಗಿ ಅಲ್ಲಿಂದಲೇ ಗೋದಾಮಿಗೆ ಮರಳುತ್ತಿದ್ದವು; ಮರಳದೆ ಉಳಿದವು ಇನ್ನೂ ಅಲ್ಲೇ ಬಿದ್ದಿದ್ದವು. ಷೇರು ನೆಲಕಚ್ಚಿತು. ಅಕ್ಕನ ಷೇರನ್ನು ಕಸದ ಬೆಲೆಗೂ ಕೇಳುವವರಿಲ್ಲದೆ ಹೋಯಿತು. ಕಾರ್ಖಾನೆ ಮುಚ್ಚಿತು.

ಅವನು ಅಕ್ಕನ ಕೋಣೆಗೆ ಹೋದಾಗ ಅವಳು ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಲಾಂಡ್ರಿಗೆ ಹೊರಟಿದ್ದಳು. ಅವನು ಮಂಚದ ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿದ, ಪೆಟ್ಟಿಗೆ ವಾಪಸು ಬರುತ್ತಿದ್ದುದನ್ನೂ ಮುಚ್ಚಿಡಲಿಲ್ಲ.

"ನೀನೇ ಇಳಿಸ್ಕೊಂಡ್ಯಾ?"

"ನಾನೇ. ನಿನ್ನಾಣೆಗೂ ಹೊಳೀಲಿಲ್ಲ ಅಕ್ಕ."

ಅವಳು ಚೀಲ ಕೆಳಗಿಟ್ಟು ಹತ್ತಿರ ಬಂದಳು. ಆಮೇಲೆ ಅವನ ತಲೆ ಸವರಿದಳು. "ಹೋಗ್ಲಿ ಬಿಡು, ಅಳಬೇಡ. ನನ್ನ ಜೊತೆ ನಿಂದೂ ಮುಳುಗ್ತಲ್ಲ, ಪಾಪ. ನೀನೆಷ್ಟು ಹಾಕಿದ್ದೆ?"

ಸಂಬಳ ಬರುವ ಕಡೆಯೇ ಉಳಿತಾಯವನ್ನೂ ಇಡಬಾರದೆಂಬುದು ಅವನ ನಿಯಮ. ಒಳ್ಳೆಯ ನಿಯಮವೇ. ಅದನ್ನು ಈ ಕೋಣೆಯಲ್ಲಿ ಹೇಗೆ ಹೇಳುವುದು?

"ನಾನು ಹಾಕಿರಲಿಲ್ಲ ಅಕ್ಕ."

"ಒಂದು ಕಾಸೂ?"

"ಇಲ್ಲ. ಸಂಬಳಾನೂ ಅಲ್ಲಿಂದ್ಲೇ ಬರೋದು, ಅದಕ್ಕೇ..."

ತಲೆಯ ಮೇಲಿದ್ದ ಕೈಯನ್ನು ಅವಳು ತೆಗೆದಳು. ಬಯ್ದಿದ್ದರೆ, ನಾಲ್ಕು ಬಾರಿಸಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಚೀಲ ಹೆಗಲಿಗೇರಿಸಿ, ಬೀಗ ಹಿಡಿದು ಬಾಗಿಲ ಬಳಿ ನಿಂತಳು.

"ಏಳಿ, ನನಗೆ ಹೊತ್ತಾಯ್ತು" ಎಂದಳು, ಎತ್ತಿ ಆಡಿಸಿದ ತಮ್ಮನಿಗೆ, ಯಾರೋ ಹೊರಗಿನವರಿಗೆ ಹೇಳುವ ಹಾಗೆ.