ಅಕ್ಕನ ಗದ್ದೆಯ ಮಣ್ಣು

ಅದು 2022ರ ಮಳೆಗಾಲ. ನಾನು ಆಗ ಮೈಸೂರಿನ ಆಸ್ಪತ್ರೆಯೊಂದರಲ್ಲಿ ನೆಫ್ರಾಲಜಿಸ್ಟ್, ಅಂದರೆ ಮೂತ್ರಪಿಂಡದ ಕಾಯಿಲೆಗಳ ವೈದ್ಯೆ. ಪ್ರತಿ ಗುರುವಾರ ನಂಜನಗೂಡಿಗೆ ಹೋಗಿ ಡಯಾಲಿಸಿಸ್‌ನಲ್ಲಿರುವವರನ್ನೂ ಕಿಡ್ನಿ ಕಸಿ ಮಾಡಿಸಿಕೊಂಡವರನ್ನೂ ನೋಡಿ ಬರುತ್ತಿದ್ದೆ. ಟಿ. ನರಸೀಪುರದ ಕಡೆಯವರೂ ಬಸ್ಸು ಹಿಡಿದು ಅಲ್ಲಿಗೇ ಬರುತ್ತಿದ್ದರು.

ಕಸಿ ಮಾಡಿದ ಕಿಡ್ನಿಯನ್ನು ನಮ್ಮ ದೇಹ ತನ್ನದೆಂದು ಎಂದೂ ಪೂರ್ತಿ ಒಪ್ಪಿಕೊಳ್ಳುವುದಿಲ್ಲ. ಹೊರಗಿನಿಂದ ಬಂದದ್ದೆಂದು ಅದರ ಮೇಲೆ ಬೀಳುತ್ತದೆ. ಇದಕ್ಕೆ ರಿಜೆಕ್ಷನ್ ಎನ್ನುತ್ತೇವೆ. ಅದನ್ನು ತಡೆಯಲು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆಗಳನ್ನು ಜೀವನಪೂರ್ತಿ ನುಂಗಬೇಕು. ಕಿಡ್ನಿಯೇನೋ ಉಳಿಯುತ್ತದೆ, ಆದರೆ ಬೇರೆಯವರಿಗೆ ಏನೂ ಮಾಡದ ಬ್ಯಾಕ್ಟೀರಿಯಾ ಇವರ ಜೀವಕ್ಕೆ ಎರವಾಗಬಹುದು. ಹಾಗಾಗಿ ಮನೆಗೆ ಕಳಿಸುವಾಗ ಕೆಸರು, ಗೊಬ್ಬರ, ನಿಂತ ನೀರು ಮುಟ್ಟಬೇಡಿ ಎಂದು ಎಲ್ಲರಿಗೂ ಹೇಳುತ್ತೇವೆ.

ಬಸವರಾಜು ವಿಷಯದಲ್ಲಿ ಆ ಚಿಂತೆ ನನಗೆ ಕಡಿಮೆಯಿತ್ತು. ತಾಂಡವಪುರದ ಮನುಷ್ಯ, ನಂಜನಗೂಡಿನ ಪೇಟೆಯಲ್ಲಿ ಟೈಲರ್. ಹೊಲಿಗೆ ಮೆಷಿನ್ ಮುಂದೆ ಕೂತು ಮಾಡುವ ಕೆಲಸ, ಸ್ವಂತ ಜಮೀನಿಲ್ಲ. ಮೂರು ವರ್ಷದ ಹಿಂದೆ ಅವನಿಗೆ ಕಿಡ್ನಿ ಕೊಟ್ಟವರು ಅಕ್ಕ ಗೌರಮ್ಮ. ಟಿ. ನರಸೀಪುರದ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋದವರು, ನಾಲೆ ನೀರಿನ ಗದ್ದೆಯಲ್ಲಿ ಬೆಳೆದ ಭತ್ತವೇ ಅವರ ಜೀವನ. ಆಪರೇಷನ್ನಿಗೆ ಮುಂಚೆ ಅಪಾಯಗಳನ್ನೆಲ್ಲ ವಿವರಿಸಿ, ಕೇಳುವುದೇನಾದರೂ ಇದೆಯೇ ಎಂದಾಗ ಆಕೆ ಹೇಳಿದ್ದು ಇಷ್ಟೆ: "ಕೊಡಾದ್ ಕೊಡ್ತೀನಿ ಡಾಕ್ಟ್ರಮ್ಮ. ನಾಟಿ ಒತ್ಗೆ ಮನೆಗ್ ಕಳ್ಸ್‌ಬುಡಿ."

ಕಿಡ್ನಿ ಚೆನ್ನಾಗಿ ಕೆಲಸ ಮಾಡಿತು. ಬಸವರಾಜು ಪರೀಕ್ಷೆಗೆ ಬಂದಾಗಲೆಲ್ಲ ಇಸ್ತ್ರಿ ಮಾಡಿದ ಶರಟಿನಲ್ಲಿರುತ್ತಿದ್ದ. ಕೋವಿಡ್ ಬಂದು ಹೋಯಿತು, ಅವನನ್ನು ಮುಟ್ಟಲಿಲ್ಲ. ಗೌರಮ್ಮನ ಗಂಡನನ್ನು ಮಾತ್ರ ಎರಡನೇ ಅಲೆ ಒಯ್ದಿತು.

ಆ ವರ್ಷ ಸೆಪ್ಟೆಂಬರಿನ ಒಂದು ಗುರುವಾರ ಬಸವರಾಜು ಹೆಂಡತಿ ಸವಿತಾಳ ಭುಜ ಹಿಡಿದುಕೊಂಡು ಒಳಗೆ ಬಂದ. ಎರಡು ವಾರದಿಂದ ಚಳಿಜ್ವರ, ಕೆಮ್ಮು. ಊರಿನಲ್ಲಿ ಟೈಫಾಯ್ಡ್ ಎಂದು ಮಾತ್ರೆ ಕೊಟ್ಟಿದ್ದರು. ಕಾಲರಿನೊಳಗೆ ಕುತ್ತಿಗೆ ಸಣ್ಣದಾಗಿ ಕಾಣುತ್ತಿತ್ತು. ಅಂದೇ ಮೈಸೂರಿಗೆ ಕರೆದೊಯ್ದು ಸೇರಿಸಿಕೊಂಡೆ. ಸ್ಕ್ಯಾನ್‌ನಲ್ಲಿ ಬಲ ಶ್ವಾಸಕೋಶ ಗಟ್ಟಿಯಾಗಿತ್ತು, ಲಿವರ್‌ನಲ್ಲೂ ಗುಲ್ಮದಲ್ಲೂ, ಅಂದರೆ ಸ್ಪ್ಲೀನ್‌ನಲ್ಲೂ, ಚಿಕ್ಕ ಚಿಕ್ಕ ಕೀವುಗುಳ್ಳೆಗಳಿದ್ದವು. ನಮ್ಮಲ್ಲಿ ಇಂಥ ಚಿತ್ರ ಕಂಡರೆ ಮೊದಲು ನೆನಪಾಗುವುದು ಕ್ಷಯ. ಆದರೆ ಕಫದಲ್ಲಿ ಕ್ಷಯದ ಸುಳಿವೇ ಇರಲಿಲ್ಲ.

ಮೂರನೆಯ ದಿನ ನಮ್ಮ ಮೈಕ್ರೋಬಯಾಲಜಿಸ್ಟ್ ಫೋನ್ ಮಾಡಿದರು. ಕರಾವಳಿಯಲ್ಲಿ ಬಹಳ ಕಾಲ ಕೆಲಸ ಮಾಡಿ ಬಂದವರು. "ಮೇಡಂ, ರಕ್ತದ ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ. ಅದನ್ನು ಗುರುತಿಸೋ ಮೆಷಿನ್ ಬೇರೆ ಏನೋ ಹೆಸರು ಹೇಳ್ತಿದೆ, ನಾನು ನಂಬೋದಿಲ್ಲ. ನಿಮ್ಮ ಪೇಷೆಂಟ್ ಗದ್ದೆಗೆ ಇಳಿದಿದ್ರಾ, ಕೇಳಿ ನೋಡಿ."

"ಅವನು ಟೈಲರ್," ಎಂದೆ.

"ಆದರೂ ಕೇಳಿ."

ಅವರ ಅನುಮಾನ ಮೆಲಿಯಾಯ್ಡೋಸಿಸ್ ಮೇಲೆ. ಕೆಸರು ಮಣ್ಣಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ ಮಳೆಗಾಲದಲ್ಲಿ ಕಾಲಿನ ಗಾಯದಿಂದಲೋ ಉಸಿರಿನಿಂದಲೋ ಒಳಸೇರಿ ತರುವ ಸೋಂಕು ಇದು. ಕ್ಷಯದ ವೇಷ ಹಾಕಿಕೊಂಡು ಬರುತ್ತದೆ. ಕರಾವಳಿಯ ವೈದ್ಯರಿಗೆ ಪರಿಚಿತ. ನಮ್ಮ ಕಡೆ ಯಾರೂ ಅದನ್ನು ಮೊದಲು ನೆನೆಯುವುದಿಲ್ಲ.

ಸವಿತಾ ಎದುರಿಗೆ ಕೇಳಿದಾಗ ಬಸವರಾಜು ಇಲ್ಲವೆಂದು ತಲೆಯಾಡಿಸಿದ. ಅವಳು ಔಷಧಿ ತರಲು ಕೆಳಗೆ ಹೋದ ಮೇಲೆ ಹೊದಿಕೆ ಸರಿಸಿ ಬಲಗಾಲು ತೋರಿಸಿದ. ಹಿಮ್ಮಡಿಯ ಪಕ್ಕದಲ್ಲಿ ಒಣಗಿದ ಗಾಯದ ಗುರುತಿತ್ತು.

"ನಾಲೇಲಿ ನೀರು ತಡವಾಗಿ ಬುಟ್ರು ಮೇಡಂ. ಎಲ್ಲಾರ್ ನಾಟಿನೂ ಒಂದೇ ಸಲಕ್ಕೆ ಬಂತು. ಅಕ್ಕಂಗೆ ಆಳು ಸಿಕ್ಕಲಿಲ್ಲ. ಭಾವ ಬೇರೆ ಇಲ್ಲ. ನೋಡ್ಕಂಡು ಬರಾಣ ಅಂತ ಓದೆ."

"ಕೆಸರು ಮುಟ್ಟಬಾರದು ಅಂತ ನಿಮಗೆ ಗೊತ್ತಿತ್ತಲ್ಲ?"

"ನಂಗ್ ಗೊತ್ತಿತ್ತು. ಅಕ್ಕಂಗೆ ಯೋಳಿರ್ನಿಲ್ಲ. ಯೋಳಿದ್ರೆ ಅವ್ಳು ಗದ್ದೆ ಅತ್ರಕ್ಕೇ ಸೇರ್ಸ್‌ತಿರ್ನಿಲ್ಲ." ಸ್ವಲ್ಪ ಹೊತ್ತು ಕೆಮ್ಮಿ ಸುಧಾರಿಸಿಕೊಂಡ. "ಒಟ್ಟೇಲಿರಾದ್ನ ಕುಯ್ಸಿ ಕೊಟ್ಟವ್ಳು ಅವ್ಳು. ಅವ್ಳೊಬ್ಬಳೇ ಬಗ್ಗಿ ನಾಟಿ ಆಕ್ತಿದ್ರೆ ನಾನು ಗದ್ದೆ ಬದಿನ್ ಮ್ಯಾಲೆ ನಿಂತ್ಕಂಡು ನೋಡ್ಲಾ ಮೇಡಂ?"

ನಾನು ಹೊದಿಕೆಯನ್ನು ಮತ್ತೆ ಅವನ ಕಾಲಿನ ಮೇಲೆ ಎಳೆದೆ. ಅವನು ಮುಂದುವರಿಸಿದ. "ಒಂದ್ ಮಾತು ನಡ್ಸ್‌ಕೊಡಿ. ಅವ್ಳ ಗದ್ದೆಯಿಂದ ಬಂತು ಅಂತ ಅವ್ಳಿಗ್ ಯೋಳ್ಬೇಡಿ."

ಆಯಿತು ಎಂದೆ.

ರೋಗದ ಹೆಸರು ಖಚಿತವಾಯಿತು. ಅದಕ್ಕೆ ತಕ್ಕ ಇಂಜೆಕ್ಷನ್ ಶುರು ಮಾಡಿದೆವು. ಈ ಬ್ಯಾಕ್ಟೀರಿಯಾ ಬೇಗ ಸೋಲುವಂಥದ್ದಲ್ಲ. ಮೊದಲು ವಾರಗಟ್ಟಲೆ ಇಂಜೆಕ್ಷನ್, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಅಷ್ಟಾಗಿಯೂ ಮರಳಿ ಬರಬಹುದು. ನಮಗೆ ಅಷ್ಟು ಸಮಯವೂ ಸಿಗಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವನ ರಕ್ತದೊತ್ತಡ ಕುಸಿಯಿತು. ಐಸಿಯುಗೆ ಸಾಗಿಸಿ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಕಟ್ಟಿದೆವು.

ಈಗ ಉಳಿದಿದ್ದು ಒಂದೇ ದಾರಿ. ಕಿಡ್ನಿಯನ್ನು ಕಾಯುತ್ತಿದ್ದ ಮಾತ್ರೆಗಳನ್ನು ನಿಲ್ಲಿಸಿ, ಜೀವ ಹಿಡಿದಿಡುವಷ್ಟು ಸ್ಟಿರಾಯ್ಡ್ ಮಾತ್ರ ಉಳಿಸಿ, ದೇಹ ತನ್ನ ಶಕ್ತಿಯಿಂದಲೇ ಸೋಂಕಿನ ಜೊತೆ ಹೋರಾಡಲು ಬಿಡಬೇಕು. ಹಾಗೆ ಮಾಡಿದರೆ ಅದೇ ಶಕ್ತಿ ಕಿಡ್ನಿಯ ಮೇಲೂ ತಿರುಗಬಹುದು. ಅವನಿಗಿನ್ನೂ ಪ್ರಜ್ಞೆ ಇತ್ತು. ವಿವರಿಸಿದೆ. ಮಾಸ್ಕ್ ಪಕ್ಕಕ್ಕೆ ಎಳೆದುಕೊಂಡು ಹೇಳಿದ: "ಮಾತ್ರೆ ನಿಲ್ಲುಸ್ಬೇಡಿ. ಅದು ಅಕ್ಕಂದು."

ಸವಿತಾ ಅತ್ತಳು, ಬೇಡಿಕೊಂಡಳು. ಅವನು ಒಪ್ಪಲಿಲ್ಲ. ಅಷ್ಟರಲ್ಲಿ ಗೌರಮ್ಮ ಬಂದಿದ್ದರು. ಬಸ್ಸಿನಿಂದಿಳಿದು ನೇರ ಬಂದವರು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಕಿಡ್ನಿ ಹೋಗಬಹುದೆಂದು ಹೇಳಲು ನಾನು ಮಾತು ಹುಡುಕುತ್ತಿದ್ದಾಗಲೇ ಅವರಿಗೆ ಅರ್ಥವಾಯಿತು. ಗೌನು ಹಾಕಿಕೊಂಡು ಒಳಗೆ ಹೋಗಿ ತಮ್ಮನ ಹಣೆ ಮುಟ್ಟಿದರು.

"ಲೋ ಬಸ್ವ, ಕೊಟ್ಟ ಮ್ಯಾಲೆ ಅದು ನಂದಲ್ಲ ಕಣ್ಲಾ. ಓದ್ರೆ ಓಗ್ಲಿ ಬುಡು. ಡಾಕ್ಟ್ರಮ್ಮ ಯೋಳ್ದಂಗ್ ಕೇಳು."

ಅವನು ಕಣ್ಣು ಮುಚ್ಚಿಕೊಂಡ. ಅದನ್ನೇ ಒಪ್ಪಿಗೆ ಎಂದುಕೊಂಡೆವು.

ಮಾತ್ರೆ ನಿಲ್ಲಿಸಿದೆವು. ವಾರದೊಳಗೆ ರಕ್ತದೊತ್ತಡ ಸುಧಾರಿಸಿ ಸ್ಥಿರವಾಯಿತು, ಆಮೇಲೆ ಜ್ವರವೂ ಇಳಿಯಿತು. ಜ್ವರ ಇಳಿಯುತ್ತಿದ್ದಂತೆ ಮೂತ್ರವೂ ಕಡಿಮೆಯಾಗತೊಡಗಿತು. ಬಯಾಪ್ಸಿಯಲ್ಲಿ ರಿಜೆಕ್ಷನ್ ಸ್ಪಷ್ಟವಾಗಿತ್ತು. ಅದನ್ನು ತಡೆಯಲು ಸ್ಟಿರಾಯ್ಡನ್ನು ದೊಡ್ಡ ಪ್ರಮಾಣದಲ್ಲಿ ಕೊಡಬೇಕು. ಕೊಟ್ಟರೆ ಗುಲ್ಮದಲ್ಲಿ ಉಳಿದಿದ್ದ ಕೀವು ಮತ್ತೆ ಮೈಗೆ ಹರಡುತ್ತದೆ. ಸಹೋದ್ಯೋಗಿಗಳ ಜೊತೆ ಕೂತು ಚರ್ಚಿಸಿದೆ. ಯಾರೂ ಬೇರೆ ದಾರಿ ಹೇಳಲಿಲ್ಲ. ಒಳ್ಳೆಯ ಕಿಡ್ನಿಯೊಂದು ಕಣ್ಣೆದುರೇ ಸಾಯುವುದನ್ನು ನೋಡುತ್ತಾ ಕೂತೆವು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಬಸವರಾಜು ಮತ್ತೆ ಡಯಾಲಿಸಿಸ್ ಮಂಚದ ಮೇಲಿದ್ದ.

ಮನೆಗೆ ಹೋಗುವ ದಿನ ಗೌರಮ್ಮ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದರು. "ಇದು ಎಲ್ಲಿಂದ ಬಂತು ಡಾಕ್ಟ್ರಮ್ಮ?"

"ಮಣ್ಣಿನಿಂದ ಬರುತ್ತೆ. ಮಳೆಗಾಲದಲ್ಲಿ ಎಲ್ಲಿ ಬೇಕಾದರೂ ತಗುಲಬಹುದು," ಎಂದೆ. ಸುಳ್ಳಲ್ಲ, ಆದರೆ ನಿಜವನ್ನು ಪೂರ್ತಿ ಹೇಳಿರಲಿಲ್ಲ. ಆಕೆ ನನ್ನ ಮುಖವನ್ನೇ ನೋಡಿದರು. ಆಮೇಲೆ ತಮ್ಮನ ಚೀಲ ಎತ್ತಿಕೊಂಡು ಹೊರಟರು.

ಮುಂದಿನ ವರ್ಷ ಗೌರಮ್ಮ ಗದ್ದೆಯನ್ನು ಬೇರೆಯವರಿಗೆ ಸಾಗುವಳಿಗೆ ಕೊಟ್ಟು, ಬಂದ ಭತ್ತದಲ್ಲಿ ಪಾಲು ತೆಗೆದುಕೊಂಡರು ಎಂದು ಸವಿತಾ ಹೇಳಿದಳು. ಬಸವರಾಜು ವಾರಕ್ಕೆ ಮೂರು ಸಲ ನಂಜನಗೂಡಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ. ಆ ದಿನಗಳಲ್ಲಿ ಅಂಗಡಿ ತೆರೆಯುತ್ತಿರಲಿಲ್ಲ. ಕ್ರಮೇಣ ಉಳಿದ ದಿನಗಳಲ್ಲೂ ತೆರೆಯಲಿಲ್ಲ. ಸೋಂಕು ಮರಳಲಿಲ್ಲ, ಆದರೆ ಹೃದಯ ಸೋತಿತ್ತು. 2024ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಡಯಾಲಿಸಿಸ್‌ಗೆ ಹೊರಡಲು ಶರಟು ಹಾಕಿಕೊಳ್ಳುತ್ತಿದ್ದವನು ಅಲ್ಲೇ ಕುಸಿದು ತೀರಿಕೊಂಡ.

ಕಿಡ್ನಿ ಕೊಟ್ಟವರನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಅದೇ ವರ್ಷ, ನಾನು ನಿವೃತ್ತಳಾಗುವ ಹಿಂದಿನ ತಿಂಗಳು ಗೌರಮ್ಮ ಅದಕ್ಕಾಗಿ ಬಂದರು. ಉಳಿದ ಒಂದು ಕಿಡ್ನಿ ಸರಿಯಾಗಿತ್ತು. ಅದನ್ನು ಹೇಳುವಾಗ ನನ್ನ ದನಿಯಲ್ಲಿ ಸಂತೋಷ ತರಲಾಗಲಿಲ್ಲ. ರಿಪೋರ್ಟು ಮಡಚಿಕೊಂಡ ಅವರು ಏಳಲಿಲ್ಲ.

"ಈಗಾರ ಯೋಳಿ. ನನ್ ಗದ್ದೇದಾ?"

ನಾನು ಬಸವರಾಜುವಿಗೆ ಕೊಟ್ಟ ಮಾತು ಅವನು ಸತ್ತ ಮೇಲೂ ನಡೆಯಬೇಕು. ಆದರೆ ಎದುರಿಗೆ ಕೂತವರು ಎರಡು ವರ್ಷದಿಂದ ಒಬ್ಬರೇ ಆ ಅನುಮಾನವನ್ನು ಹೊತ್ತು ತಿರುಗುತ್ತಿದ್ದರು. "ಅವನು ಹೇಳಬೇಡಿ ಅಂದಿದ್ದ," ಎಂದಷ್ಟೇ ನನ್ನ ಬಾಯಿಂದ ಬಂತು.

ಗೌರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಅವ್ನು ಅಂಗಂದ್ನಾ? ಅಂಗಾರೆ ನೀವು ಯೋಳ್ನೇ ಇಲ್ಲ ಅಂದ್ಕತೀನಿ ಬುಡಿ," ಎಂದು ಎದ್ದು ಹೋದರು.

ಸೇವೆಯಲ್ಲಿ ಉಳಿದಿದ್ದ ಆ ಕೆಲವು ವಾರಗಳಲ್ಲಿ ನನ್ನ ಕಿರಿಯ ವೈದ್ಯರಿಗೆ ಒಂದು ರೂಢಿ ಮಾಡಿಸಿದೆ. ಕೆಸರಿನ ಮಾತನ್ನು ಕಿಡ್ನಿ ಪಡೆದವರಿಗಷ್ಟೇ ಅಲ್ಲ, ಕೊಟ್ಟವರನ್ನೂ ಜೊತೆಗೆ ಕೂರಿಸಿ ಹೇಳಬೇಕು. ನಿಮ್ಮ ಉಪಕಾರ ತೀರಿಸಲು ಇವರು ಏನು ಮಾಡಲು ಬಂದರೂ ತಡೆಯಿರಿ ಎನ್ನಬೇಕು. ಸೋಂಕು ಎಲ್ಲಿಂದ ಬಂತೆಂದು ಹುಡುಕುವುದನ್ನು ನಮಗೆ ಕಾಲೇಜಿನಲ್ಲಿ ಕಲಿಸುತ್ತಾರೆ. ಸಿಕ್ಕ ಉತ್ತರವನ್ನು ಯಾರು ಹೊರಬೇಕಾಗುತ್ತದೆ ಎಂಬುದನ್ನು ಕೆಲಸವೇ ಕಲಿಸಬೇಕು, ಮತ್ತು ಅದು ಕಲಿಸುವುದು ತಡವಾಗಿ.