ಸೊಟ್ಟ ಕೋಲು ಮಾಡಿದ ನೇರಪ್ಪ

ಬೆಳಗಿನ ಐದೂ ಮುಕ್ಕಾಲು. ಟೈರ್ ಅಂಗಡಿಯ ಮೇಲಿನ ಓಣಿಯಂಥ ಉದ್ದನೆಯ ಕೋಣೆಯಲ್ಲಿ ಅರವತ್ತಮೂರು ವರ್ಷದ ಹಿರಿಯರೊಬ್ಬರು ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದು ಕಣ್ಣಿನ ಕೆಳಗೆ ಸ್ನೂಕರ್ ಕೋಲು ಹಿಡಿದು, ಕಿಟಕಿಯತ್ತ ಗುರಿಯಿಟ್ಟು ನಿಂತಿದ್ದಾರೆ. ಎದುರು ತಾರಸಿಯಲ್ಲಿ ಬಟ್ಟೆ ಒಣಹಾಕುವ ಹೆಂಗಸಿಗೆ ಇದು ರೂಢಿಯಾಗಿಹೋಗಿದೆ. ಪಕ್ಕದ ಮನೆಗೆ ಹೊಸದಾಗಿ ಬಂದ ಬಾಡಿಗೆಯವರು ಮಾತ್ರ ಯಾರೋ ಬಂದೂಕು ಹಿಡಿದಿದ್ದಾರೆಂದು ಮೊದಲ ವಾರವಿಡೀ ಕಿಟಕಿ ಮುಚ್ಚಿಕೊಂಡೇ ಇದ್ದರಂತೆ.

"ಈ ಹೊತ್ತಿನ ಬೆಳಕು ಅಡ್ಡಡ್ಡ ಬರತ್ತೆ. ಕೋಲು ಎಲ್ಲಾದ್ರೂ ಕೂದಲೆಳೆಯಷ್ಟು ಉಬ್ಬಿದ್ರೂ ನೆರಳು ಹೇಳ್ಬಿಡತ್ತೆ" ಎನ್ನುತ್ತಾರೆ ಅವರು. ಕಣ್ಣು ಮಾತ್ರ ಕೋಲಿನಿಂದ ಕದಲುವುದಿಲ್ಲ.

ಬಡಾವಣೆಯ ಜನ ಇವರನ್ನು ಕರೆಯುವುದು ನೇರಪ್ಪ ಎಂದು. ನೆಟ್ಟಗಿರದ ಯಾವುದನ್ನೂ ಇವರ ಕಣ್ಣು ಸಹಿಸದು ಎಂಬ ಕಾರಣಕ್ಕೆ ಅಂಟಿಕೊಂಡ ಹೆಸರು. ಬ್ಯಾಂಕಿಗೆ ಹೋದರೆ ಗೋಡೆಯ ಕ್ಯಾಲೆಂಡರ್ ಸರಿಪಡಿಸಿ ಬರುತ್ತಾರೆ. ನೆಂಟರ ಮನೆಯಲ್ಲಿ ತೀರಿಕೊಂಡವರ ಫೋಟೊ ಮುಂದೆ ಎಲ್ಲರೂ ಕಣ್ಣು ಮುಚ್ಚಿ ನಿಂತಿದ್ದಾಗ ಇವರು ಮೆಲ್ಲಗೆ ಕೈ ಚಾಚಿ ಚೌಕಟ್ಟಿನ ಎಡಮೂಲೆಯನ್ನು ಮೇಲೆತ್ತಿದ್ದರು. ಅದನ್ನು ಇವರ ಹೆಂಡತಿ ಇನ್ನೂ ಕ್ಷಮಿಸಿಲ್ಲ.

ಅಂಥವರ ಮುಖ ಇಂದು ಕಹಿ ಔಷಧಿ ಕುಡಿದವರಂತಾಗಿದೆ. ಕೈಯಲ್ಲಿರುವ ಕೋಲು ಸೊಟ್ಟಗಿದೆ. ಮಾಡಿದವರು ಇವರೇ, ಅದೂ ಬೇಕೆಂದೇ ಮಾಡಿದ್ದು. ಇನ್ನು ಮೂರು ದಿನಕ್ಕೆ ಈ ಕೋಲು ಬಡಾವಣೆಗಳ ಲೀಗಿನ ಫೈನಲ್ ಆಡಬೇಕು. ಇದು ಯಾರ ಕೈಕೆಲಸ ಎಂದು ಅಲ್ಲಿ ಒಂದು ನರಪಿಳ್ಳೆಗೂ ತಿಳಿಯಬಾರದು, ಮೂವತ್ತೊಂದು ವರ್ಷದ ಹೆಸರು ಮಣ್ಣುಪಾಲಾಗುತ್ತದೆ ಎಂಬುದು ಇವರ ಚಿಂತೆ. ಪತ್ರಿಕೆಯಲ್ಲಿ ಬರೆಯುವುದಿಲ್ಲವೆಂದು ನನ್ನಿಂದಲೂ ಮಾತು ತೆಗೆದುಕೊಂಡಿದ್ದರು. ಆ ಮಾತಿನಿಂದ ನನ್ನನ್ನು ಬಿಡಿಸಿದವರೂ ಅವರೇ ಆದ್ದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಇವರು ಕುರ್ಚಿಯ ಕಾಲು ಮಾಡುತ್ತಿದ್ದರು. ಪೀಠೋಪಕರಣದ ಕಾರ್ಖಾನೆಯೊಂದರಲ್ಲಿ ದಿನಕ್ಕೆ ಎಂಬತ್ತು ಕಾಲು. ಒಮ್ಮೆ ಸ್ನೂಕರ್ ಹಾಲಿನವರು ಮುರಿದ ಕೋಲೊಂದನ್ನು ರಿಪೇರಿಗೆ ತಂದುಕೊಟ್ಟರು. ಇವರು ಅದನ್ನು ಜೋಡಿಸಿಕೊಟ್ಟದ್ದು ಮುರಿಯುವ ಮೊದಲಿದ್ದದ್ದಕ್ಕಿಂತ ಚೆನ್ನಾಗಿತ್ತು. ಅಲ್ಲಿಂದ ಶುರುವಾದ ಹುಚ್ಚು ಬಿಟ್ಟಿಲ್ಲ. ಈಗ ವರ್ಷಕ್ಕೆ ಎಂಟು ಕೋಲು, ಮನಸ್ಸು ಮಾಡಿದರೆ ಒಂಬತ್ತು. ಯಂತ್ರ ಮುಟ್ಟುವುದಿಲ್ಲ. ಒಂದು ಸಲ ಉಜ್ಜುಗೊರಡಿನಿಂದ ಹೆರೆದರೆ ಮರಕ್ಕೆ ಎರಡು ವಾರ ವಿಶ್ರಾಂತಿ, ಆಮೇಲೆ ಇನ್ನೊಂದು ಸಲ. ಅವಸರಪಟ್ಟರೆ ಮರ ಮುನಿಸಿಕೊಂಡು ಬಾಗುತ್ತದಂತೆ. ಐವತ್ತೆಂಟು ಇಂಚು ಉದ್ದದ ಕೋಲಿನ ತುದಿ ನಮ್ಮ ಕಿರುಬೆರಳಿಗಿಂತ ಸಣ್ಣ. ಅಷ್ಟು ಸಣ್ಣಗೆ ಹೆರೆದೂ ಹೆರೆದೂ ಬಲಭುಜ ಸವೆದಿದೆ, ಅಂಗಿ ಹಾಕಿಕೊಳ್ಳುವಾಗ ಹೆಂಡತಿ ತೋಳು ಹಿಡಿದುಕೊಡಬೇಕು. ಅಷ್ಟೆಲ್ಲ ಆದರೂ ಆಟ ಬರುತ್ತದೆಯೇ ಎಂದು ಕೇಳಿದರೆ ನಗುತ್ತಾರೆ. ಜೀವಮಾನದಲ್ಲಿ ಗಳಿಸಿದ ಅತಿ ಹೆಚ್ಚು ಅಂಕ ಏಳು. ಅದರಲ್ಲಿ ನಾಲ್ಕು ಎದುರಾಳಿಯ ತಪ್ಪಿಗೆ ಸಿಕ್ಕಿದ್ದು.

ಹೆಂಡತಿ ದರ್ಜಿ. ಉದ್ದನೆಯ ಕೋಣೆಯ ಪಕ್ಕದಲ್ಲೇ ಅವರ ಹೊಲಿಗೆ ಕೋಣೆ. ಮನೆಯಲ್ಲಿರುವುದು ಒಂದೇ ಅಳತೆ ಟೇಪು, ಮೂವತ್ತು ವರ್ಷದ ಸಂಸಾರದ ಜಗಳಗಳಲ್ಲಿ ಅರ್ಧದಷ್ಟು ಅದರದ್ದೇ. ಇನ್ನೊಂದು ಟೇಪು ತರಬಾರದೇ ಎಂದು ಕೇಳಿದೆ. ಎರಡು ಟೇಪು ಎರಡು ಅಳತೆ ಹೇಳಿದರೆ ಯಾವುದನ್ನು ನಂಬುವುದು ಎಂದು ನೇರಪ್ಪನವರು ನನ್ನನ್ನೇ ಕೇಳಿದರು.

ಇನ್ನು ಕೋಲಿನ ಕಥೆ. ನಾಲ್ಕು ತಿಂಗಳ ಹಿಂದೆ ಹಲ್ಲಿನ ಡಾಕ್ಟರಮ್ಮ ಒಬ್ಬರು ಎರಡು ತುಂಡಾದ ತಮ್ಮ ಹಳೆಯ ಕೋಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದರು. ಹನ್ನೊಂದು ವರ್ಷ ಆಡಿದ ಕೋಲು. ಅವರ ಯಜಮಾನರು ಅದರಲ್ಲಿ ಜೇಡರ ಬಲೆ ತೆಗೆಯಲು ಹೋಗಿ ಫ್ಯಾನಿಗೆ ಕೊಟ್ಟಿದ್ದರು. ಡಾಕ್ಟರಮ್ಮ ಲೀಗಿನ ಫೈನಲ್‌ಗೆ ಬಂದಿದ್ದರು. ಹಿಂದಿನ ಎರಡು ವರ್ಷವೂ ಫೈನಲ್‌ನಲ್ಲಿ ಶಾಲೆಯ ಹೆಡ್‌ಮಾಸ್ಟರರೊಬ್ಬರ ಕೈಲಿ ಸೋತವರು, ಈ ಸಲವೂ ಎದುರಿಗೆ ಅದೇ ಹೆಡ್‌ಮಾಸ್ಟರು. ಪುಣ್ಯಕ್ಕೆ ಸ್ನೂಕರ್ ಹಾಲಿನ ಛಾವಣಿ ಸೋರಿ, ರಿಪೇರಿಗೆಂದು ಬಾಗಿಲು ಹಾಕಿ, ಫೈನಲ್ಲೇ ನಾಲ್ಕು ತಿಂಗಳು ಮುಂದಕ್ಕೆ ಹೋಗಿತ್ತು.

ಡಾಕ್ಟರಮ್ಮ ಅಷ್ಟು ಸುಲಭಕ್ಕೆ ಯಾರನ್ನೂ ನಂಬುವವರಲ್ಲ. ಇಲ್ಲಿಗೆ ಬರುವ ಮೊದಲು ಇಬ್ಬರು ಕೋಲು ಮಾಡುವವರನ್ನು ನೋಡಿ ಬಂದಿದ್ದರು. ಮೊದಲನೆಯವನು ಹತ್ತೇ ದಿನದಲ್ಲಿ ಕೊಡುತ್ತೇನೆ ಎಂದ. ಎರಡನೆಯವನು ದೊಡ್ಡ ಆಟಗಾರರ ಜೊತೆ ತಾನು ನಿಂತ ಫೋಟೊಗಳನ್ನು ಒಂದು ಗಂಟೆ ತೋರಿಸಿದ, ಕೋಲು ತೋರಿಸುವುದನ್ನು ಮರೆತ. ನೇರಪ್ಪನವರು ಕೈಗೆ ಪೊರಕೆ ಕೊಟ್ಟು ಕೋಣೆ ಗುಡಿಸಿ ಎಂದರು. ಜನ ಉದ್ದನೆಯ ಹಿಡಿಯನ್ನು ಎಲ್ಲಿ ಹಿಡಿಯುತ್ತಾರೆ, ತೂಕ ಯಾವ ಕಾಲಿನ ಮೇಲೆ ಹಾಕುತ್ತಾರೆ ಎಂಬುದು ಆಟ ಆಡಿ ತೋರಿಸುವಾಗ ಗೊತ್ತಾಗುವುದಿಲ್ಲ, ಗುಡಿಸುವಾಗ ಗೊತ್ತಾಗುತ್ತದೆ ಎನ್ನುವುದು ಇವರ ಲೆಕ್ಕಾಚಾರ. ಕೋಣೆಯೂ ಚೊಕ್ಕಟವಾಗುತ್ತದೆ ಎಂದು ಹೆಂಡತಿ ಸೇರಿಸುತ್ತಾರೆ.

ಗುಡಿಸಿ ಮುಗಿದ ಮೇಲೆ ಮಾಡಿಟ್ಟ ಕೋಲೊಂದನ್ನು ಡಾಕ್ಟರಮ್ಮನ ಕೈಗಿಟ್ಟು, ಇದರಲ್ಲಿ ಏನು ತಪ್ಪಿದೆ ಹೇಳಿ ಎಂದರಂತೆ. ಅವರು ತಿರುಗಿಸಿ ಮುರುಗಿಸಿ ನೋಡಿದರೂ ಏನೂ ಕಾಣಲಿಲ್ಲ. ಹಿಡಿಗಿಂತ ಒಂದು ಗೇಣು ಮೇಲೆ ಮರದ ಗೆರೆ ಸ್ವಲ್ಪ ಜಾರಿದೆ, ಇದನ್ನು ಯಾರಿಗೂ ಕೊಡುವುದಿಲ್ಲ ಎಂದು ನೇರಪ್ಪನವರೇ ತೋರಿಸಿದರು.

"ಬಾಯಿ ತೆಗೆದು ಕೂತವರಿಗೆ ಒಳಗಡೆ ನಾನೇನ್ ಮಾಡ್ತಿದೀನಿ ಅಂತ ಕಾಣಲ್ಲ. ಅದಕ್ಕೇ ನಂಬಿಕೆ ಅಂದ್ರೆ ಏನು ಅಂತ ನನಗೆ ಗೊತ್ತು" ಎನ್ನುತ್ತಾರೆ ಡಾಕ್ಟರಮ್ಮ. "ನನ್ನ ಕಣ್ಣಿಗೆ ಕಾಣದ ತಪ್ಪನ್ನ ಬಾಯಿಬಿಟ್ಟು ಹೇಳಿದವರು ಇವರೊಬ್ರೇ. ಅಲ್ಲೇ ನಿರ್ಧಾರ ಮಾಡ್ಬಿಟ್ಟೆ."

ಅರ್ಧ ಹೆರೆದು ಒಣಗಲು ನೇತುಹಾಕಿದ್ದ ಒಳ್ಳೆಯ ಮರವೊಂದಿತ್ತು. ಹಳೆಯ ತುಂಡುಗಳನ್ನು ತೂಗಿ, ದಪ್ಪ ಅಳೆದು, ಹೊಸ ಕೋಲು ಸಿದ್ಧವಾಯಿತು. ಗಾಜಿನ ಮೇಲಿಟ್ಟು ಉರುಳಿಸಿದರೆ ಸದ್ದಿಲ್ಲದೆ ಹೋಗುವಷ್ಟು ನೆಟ್ಟಗಿತ್ತು. ಫೈನಲ್‌ಗೆ ಮೂರು ವಾರ ಇರುವಾಗ ಹಾಲಿನ ಬಾಗಿಲು ತೆರೆಯಿತು, ಡಾಕ್ಟರಮ್ಮ ಹೊಸ ಕೋಲು ಹಿಡಿದು ಆಡಲು ಹೋದರು. ಮೂರನೇ ದಿನ ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಕೇಳಿದಾಗಲೇ ಏನೋ ಎಡವಟ್ಟಾಗಿದೆ ಎಂದು ದರ್ಜಿಯಮ್ಮನಿಗೆ ಗೊತ್ತಾಗಿತ್ತು. ಒಂದು ಚೆಂಡೂ ಬೀಳುತ್ತಿಲ್ಲ, ಎಲ್ಲವೂ ಬಲಕ್ಕೇ ಹೋಗುತ್ತಿವೆ, ಕಣ್ಣು ಮುಚ್ಚಿ ಬೀಳಿಸುತ್ತಿದ್ದ ಚೆಂಡು ಈಗ ಕಣ್ಣು ಬಿಟ್ಟರೂ ಬೀಳುವುದಿಲ್ಲ ಎಂದು ಡಾಕ್ಟರಮ್ಮ ಕೋಲನ್ನು ಮೇಜಿನ ಮೇಲಿಟ್ಟರು. ನೇರಪ್ಪನವರು ಅದನ್ನು ಕಣ್ಣಿಗೆ ಹಿಡಿದು ನೋಡಿದರು. ನೆಟ್ಟಗಿದೆ ಎಂದರು. ನೆಟ್ಟಗಿದ್ದರೆ ನೀವೇ ಆಡಿ ಎಂದು ಡಾಕ್ಟರಮ್ಮ ಹೇಳಿದರು. ಇವರ ಏಳು ಅಂಕದ ವಿಷಯ ಅವರಿಗೆ ಗೊತ್ತಿರಲಿಲ್ಲ.

ಹೊಲಿಗೆ ಯಂತ್ರ ನಿಂತಿತು. ಹಳೆಯ ಕೋಲನ್ನು ಹೇಗೆ ಹಿಡಿಯುತ್ತಿದ್ದಿರಿ ಎಂದು ದರ್ಜಿಯಮ್ಮ ಕೇಳಿದರು. ಹಿಡಿಯ ಮೇಲಿದ್ದ ಬಿಳಿ ಚುಕ್ಕಿ ಯಾವಾಗಲೂ ಮೇಲಕ್ಕೆ, ಹನ್ನೊಂದು ವರ್ಷದಿಂದಲೂ ಹಾಗೇ ಎಂದು ಉತ್ತರ ಬಂತು.

"ಒಂದು ಭುಜ ಇಳಿದವರಿಗೆ ನಾನು ಕೋಟನ್ನ ಸೊಟ್ಟಗೇ ಹೊಲಿಯೋದು ಕಣ್ರೀ" ಎಂದು ಅವರು ಗಂಡನ ಕಡೆ ತಿರುಗಿದರು. "ನೇರ ಹೊಲಿದ್ರೆ ಅವರ ಮೈಮೇಲೆ ಸೊಟ್ಟ ಕಾಣತ್ತೆ. ಇವರ ಹಳೇ ಕೋಲು ಸೊಟ್ಟ ಇತ್ತೇನೋ. ಹನ್ನೊಂದು ವರ್ಷ ಅದಕ್ಕೇ ಹೊಂದ್ಕೊಂಡು ಗುರಿ ಇಟ್ಟಿದಾರೆ."

ನೇರಪ್ಪನವರ ಕಿವಿ ಕೆಂಪಾಯಿತು. ಆಮೇಲೆ ಸ್ಟೂಲಿನ ಮೇಲೆ ಕೂತು ಒಪ್ಪಿಕೊಂಡರು. ತುಂಡುಗಳನ್ನು ತಂದ ದಿನವೇ ಉದ್ದನೆಯ ತುಂಡು ಬಾಗಿದ್ದು ಅವರ ಕಣ್ಣಿಗೆ ಬಿದ್ದಿತ್ತು. ಯಾವನೋ ಕೈಲಾಗದವನು ಮಾಡಿದ ಕೋಲು, ಈಗ ನನ್ನ ಕೋಲು ನೋಡಲಿ ಎಂದು ಒಳಗೊಳಗೇ ಬೀಗಿದರೇ ಹೊರತು, ಈ ಬಾಗು ನಿಮಗೆ ಗೊತ್ತೇ ಎಂದು ಒಂದು ಮಾತು ಕೇಳಲಿಲ್ಲ. ಡಾಕ್ಟರಮ್ಮ ಬ್ಯಾಗನ್ನು ಹೆಗಲಿಗೇರಿಸಿ ಹೊರಡಲು ಎದ್ದಿದ್ದವರು ಇದನ್ನು ಕೇಳಿ ಮತ್ತೆ ಕೂತರು. ತಪ್ಪು ನಿಮ್ಮ ಗುರಿಯದ್ದು ಎಂದು ಇವರು ವಾದಿಸಿದ್ದರೆ ಆ ಮೆಟ್ಟಿಲು ಮತ್ತೆ ಹತ್ತುತ್ತಿರಲಿಲ್ಲ ಎಂದು ಅವರು ನನ್ನಲ್ಲಿ ಹೇಳಿದರು.

ಮೂರು ವಾರದಲ್ಲಿ ಹನ್ನೊಂದು ವರ್ಷದ ಅಭ್ಯಾಸ ಬದಲಾಗುವುದಿಲ್ಲ. ಹಾಗಾದರೆ ಕೋಲೇ ಸೊಟ್ಟಗಾಗಬೇಕು. ನೇರಪ್ಪನವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದರು. ಕೊನೆಗೆ ಹೆಂಡತಿ, ನಿಮಗೆ ನಿಮ್ಮ ಹೆಸರು ಮುಖ್ಯವೋ ಆ ತಾಯಿ ನಿಮ್ಮ ಮೇಲಿಟ್ಟ ನಂಬಿಕೆ ಮುಖ್ಯವೋ ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು. ಮರುದಿನ ಬೆಳಿಗ್ಗೆ ಇವರು ಷರತ್ತು ಹಾಕಿ ಒಪ್ಪಿದರು: ಇದನ್ನು ಮಾಡಿದ್ದು ಯಾರೆಂದು ಡಾಕ್ಟರಮ್ಮ ಯಾರಿಗೂ ಹೇಳಕೂಡದು. ಅವರು ಸರಿ ಎಂದರು.

ಹಳೆಯ ತುಂಡುಗಳನ್ನು ಗಾಜಿನ ಮೇಲೆ ಒಂದಕ್ಕೊಂದು ಕೂಡಿಸಿದ್ದಾಯಿತು. ಕೋಲು ಗಾಜಿಗೆ ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಎಂದು ತಿಳಿಯಲು ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿನಿಂದ ನೀಲಿ ಕಾಗದ ತಂದರು. ಹಲ್ಲು ತುಂಬಿದ ಮೇಲೆ ಕಚ್ಚಿ ಎಂದು ನಮ್ಮ ಬಾಯಿಗೆ ಇಡುತ್ತಾರಲ್ಲ, ಅದೇ. ತಾಗಿದ ಕಡೆಯೆಲ್ಲ ನೀಲಿ ಗುರುತು ಬಿತ್ತು. ತಾಗದ ಜಾಗದ ಸಂದಿಯೊಳಗೆ ಕ್ಲಿನಿಕ್ಕಿನ ಅಪಾಯಿಂಟ್‌ಮೆಂಟ್ ಕಾರ್ಡುಗಳನ್ನು ಒಂದೊಂದಾಗಿ ತೂರಿಸಿದರು. ಐದು ಕಾರ್ಡು ಹಿಡಿಸಿದವು, ಆರನೆಯದು ಹೋಗಲಿಲ್ಲ. ಅಂದರೆ ಬೇಕಾದ್ದು ಐದು ಕಾರ್ಡಿನ ಸೊಟ್ಟ.

ಅಷ್ಟೇ ಬಾಗಿದ, ಇನ್ನು ಮುಂದೆ ಬಾಗದ ಮರವನ್ನು ಹುಡುಕುವುದಾದರೂ ಎಲ್ಲಿ? ಬೇಡವೆಂದು ಎಸೆದ ಕೋಲುಗಳೆಲ್ಲ ಆ ಮನೆಯಲ್ಲೇ ಇದ್ದವು. ಒಂದು ಬಳ್ಳಿಗೆ ಆಸರೆಯಾಗಿತ್ತು, ಒಂದು ಅಟ್ಟದ ಬಾಗಿಲಿಗೆ ಅಗುಳಿಯಾಗಿತ್ತು. ಗಂಡ ಹೆಂಡತಿ ಇಬ್ಬರೂ ಎಲ್ಲವನ್ನೂ ಕಿತ್ತು ತಂದು ಕಾರ್ಡು ತೂರಿಸಿ ನೋಡಿದರು. ಮೂರು ಕಾರ್ಡಿನದು ಸಿಕ್ಕಿತು, ಒಂಬತ್ತು ಕಾರ್ಡಿನದು ಸಿಕ್ಕಿತು. ಐದರದ್ದು ಸಿಕ್ಕಿದ್ದು ಹೊಲಿಗೆ ಕೋಣೆಯಲ್ಲಿ. ಗಿರಾಕಿಗಳು ಬಟ್ಟೆ ಹಾಕಿ ನೋಡುವ ಮೂಲೆಗೆ ಪರದೆ ಕಟ್ಟಿದ್ದ ಕೋಲು ಅದು. ವರ್ಷಗಟ್ಟಲೆ ದಪ್ಪ ಪರದೆಯ ಭಾರ ಹೊತ್ತು ಹದವಾಗಿ ಬಾಗಿ, ಹಾಗೇ ಗಟ್ಟಿಯಾಗಿತ್ತು. ದರ್ಜಿಯಮ್ಮ ಅದನ್ನು ಬಿಟ್ಟುಕೊಡಲು ಒಂದು ಗಂಟೆ ತಕರಾರು ಮಾಡಿದರು. ಈಗ ಅವರ ಗಿರಾಕಿಗಳು ಎರಡು ಮೊಳೆಗೆ ಕಟ್ಟಿದ ಹಗ್ಗಕ್ಕೆ ಇಳಿಬಿಟ್ಟ ಪರದೆಯ ಹಿಂದೆ ಅಂಗಿ ಬದಲಾಯಿಸುತ್ತಾರೆ.

ಆ ಕೋಲಿಗೆ ಕರಿಮರದ ಹಿಡಿ ಕೂಡಿಸಿ, ಬಾಗು ಸರಿಯಾದ ದಿಕ್ಕಿಗೆ ಬರುವಂತೆ ಬಿಳಿ ಚುಕ್ಕಿ ಇಟ್ಟು, ತುದಿಗೆ ಹಿತ್ತಾಳೆಯ ಬಳೆ ತೊಡಿಸಿದ್ದಾರೆ. ನಾನು ಕಂಡ ಆ ಬೆಳಗಿನಲ್ಲಿ ಅವರು ನೋಡುತ್ತಿದ್ದುದು ಅದನ್ನೇ. "ನೇರ ಮಾಡುವಾಗ ಎಲ್ಲಿ ನಿಲ್ಲಿಸ್ಬೇಕು ಅಂತ ಕೋಲೇ ಹೇಳತ್ತೆ. ಇದರಲ್ಲಿ ಹೇಳೋರಿಲ್ಲ" ಎಂದು ಗೊಣಗುತ್ತಾರೆ. ಕಾರ್ಡು ತೂರಿಸುತ್ತಾರೆ, ತೆಗೆಯುತ್ತಾರೆ, ಪಾಲಿಶ್ ಪೇಪರಿನಿಂದ ಎರಡೇ ಎರಡು ಸಲ ತೀಡುತ್ತಾರೆ. ಒಂಬತ್ತು ಗಂಟೆಯಾದರೂ ತಿಂಡಿಗೆ ಏಳುವುದಿಲ್ಲ.

ಭಾನುವಾರ ಸಂಜೆ. ಹಾಲಿನಲ್ಲಿ ಹೊಸ ಛಾವಣಿಯ ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ನೇರಪ್ಪನವರು ಎಂದೂ ಪಂದ್ಯ ನೋಡಲು ಬಂದವರಲ್ಲ, ಇಂದು ಹೆಂಡತಿ ಎಳೆದುಕೊಂಡು ಬಂದಿದ್ದಾರೆ. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಓಡಿಹೋಗಲು ಅನುಕೂಲವಾದ ಕುರ್ಚಿ ಹಿಡಿದಿದ್ದಾರೆ. ಡಾಕ್ಟರಮ್ಮನಿಗೆ ಎರಡು ಆಟ, ಹೆಡ್‌ಮಾಸ್ಟರರಿಗೆ ಎರಡು ಆಟ. ಐದನೆಯ ಆಟ ಕೊನೆಯ ಕಪ್ಪು ಚೆಂಡಿಗೆ ಬಂದು ನಿಲ್ಲುತ್ತದೆ. ಡಾಕ್ಟರಮ್ಮ ಬಿಳಿ ಚುಕ್ಕಿ ಮೇಲೆ ಮಾಡಿ ಬಗ್ಗುತ್ತಾರೆ. ನೇರಪ್ಪನವರು ನೆಲ ನೋಡುತ್ತಾರೆ. ಚೆಂಡು ಬಿದ್ದ ಸದ್ದು ಕೇಳಿ, ಚಪ್ಪಾಳೆಯೂ ಕೇಳಿದ ಮೇಲೆಯೇ ತಲೆಯೆತ್ತುತ್ತಾರೆ.

ಹೆಡ್‌ಮಾಸ್ಟರರು ಕೈಕುಲುಕಿ, ಎಲ್ಲಿ ನಿಮ್ಮ ಹೊಸ ಕೋಲು ನೋಡೋಣ ಎಂದು ತೆಗೆದುಕೊಂಡು ಮೇಜಿನ ಮೇಲೆ ಉರುಳಿಸುತ್ತಾರೆ. ಕೋಲು ಕುಂಟುತ್ತಾ ಹೋಗುತ್ತದೆ. ಹಾಲಿಗೆ ಹಾಲೇ ನಗುತ್ತದೆ. ಇದನ್ನು ಮಾಡಿದ ಮಹಾನುಭಾವ ಯಾರು ಮೇಡಂ, ಅವನ ಹತ್ತಿರ ನಾವ್ಯಾರೂ ಹೋಗದ ಹಾಗೆ ನೋಡಿಕೊಳ್ಳಬೇಕಲ್ಲ ಎಂದು ಹೆಡ್‌ಮಾಸ್ಟರರು ಕೇಳುತ್ತಾರೆ. ಡಾಕ್ಟರಮ್ಮ ಕೊಟ್ಟ ಮಾತಿಗೆ ಕಟ್ಟುಬಿದ್ದು ಹೇಳುವುದಿಲ್ಲ ಎನ್ನುತ್ತಾರೆ. ಹೇಳಲು ನಾಚಿಕೆ ಪಾಪ ಎಂದು ಯಾರೋ ಅಂದದ್ದಕ್ಕೆ ನಗು ಇನ್ನೂ ಜೋರಾಗುತ್ತದೆ. ಗೆದ್ದವರ ಮುಖ ಸೋತವರಂತೆ ಬಾಡುತ್ತದೆ. ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕೊನೆಯ ಸಾಲಿನ ಕುರ್ಚಿ ಕಿರುಗುಟ್ಟುತ್ತದೆ. ನೇರಪ್ಪನವರು ಎದ್ದು ಮೇಜಿನ ಕಡೆ ನಡೆಯುತ್ತಾರೆ. ಅಲ್ಲಿರುವ ಅರ್ಧಕ್ಕರ್ಧ ಜನರ ಕೈಯಲ್ಲಿರುವುದು ಇವರು ಮಾಡಿದ ಕೋಲು. ಸೊಟ್ಟ ಕೋಲಿಗೆ ಛೀಮಾರಿ ಹಾಕಲು ಬಂದರೆಂದುಕೊಂಡು ಎಲ್ಲರೂ ನಗುತ್ತಲೇ ದಾರಿ ಬಿಡುತ್ತಾರೆ. ಅವರು ಕೋಲನ್ನೆತ್ತಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿ, ಡಾಕ್ಟರಮ್ಮನ ಕೈಗೆ ಕೊಡುತ್ತಾರೆ.

"ನಾನು ಮಾಡಿದ್ದು" ಎನ್ನುತ್ತಾರೆ. "ಇವರಿಗೆ ಎಷ್ಟು ಬೇಕೋ ಅಷ್ಟೇ ಸೊಟ್ಟ. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿ ಇಲ್ಲ."