ಲಡಾಯಿ ಆಟದ ಹೊಸ ಗಾಡಿ

ಅಮೋಗಸಿದ್ಧನಂಥ ಹಟಮಾರಿಯನ್ನು ನಾನು ಸೊಲ್ಲಾಪುರದಲ್ಲೂ ಕಾಣೆ, ಅಕ್ಕಲಕೋಟದಲ್ಲೂ ಕಾಣೆ. ನಂದೇಶ್ವರದ ಕುರಿಗಾರರ ಮನೆಯವನು. ಕುರಿ ಬಿಟ್ಟು ಫೌಜಿಗೆ ಸೇರಿದ. ಎಪ್ಪತ್ತೊಂದರ ಯುದ್ಧದಲ್ಲಿ ಭುಜಕ್ಕೆ ಗುಂಡು ಹೊಕ್ಕು ಎಡಗೈ ಮೇಲಕ್ಕೆ ಏಳದಂತಾಯಿತು. ಫೌಜಿನವರು ಮನೆಗೆ ಕಳಿಸಿದರು. ತಾಯಿ ಸಕ್ಕುಬಾಯಿಯನ್ನು ಕರೆದುಕೊಂಡು ಬಂದು ಅಕ್ಕಲಕೋಟದಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದು ಕಟ್ಟಿಗೆಯ ಗೊಂಬೆ ಕೆತ್ತುತ್ತ ಕೂತ. ಕುರಿ ಕಾಯುವಾಗ ಕೈಗೆ ಹತ್ತಿದ್ದ ಚಟ ಹೊಟ್ಟೆಪಾಡಾಯಿತು.

ಅವನ ಗೊಂಬೆಗಳು ಬರುತ್ತಿದ್ದುದು ಸೊಲ್ಲಾಪುರದ ನಮ್ಮ ಅಂಗಡಿಗೆ. ಅಂಗಡಿ ನನ್ನ ಕಾಕಾ ಶಾಂತಲಿಂಗಪ್ಪನವರದು. ನಾನು ಅಲ್ಲಿ ಗಿರಾಕಿ ನೋಡಿಕೊಳ್ಳುತ್ತಿದ್ದೆ. ಯುದ್ಧ ಗೆದ್ದ ಹುರುಪಿನಲ್ಲಿ ಕಾಕಾ ಒಂದು ‘ಲಡಾಯಿ ಆಟ’ ಹೊರಡಿಸಿದ್ದರು. ರಟ್ಟಿನ ಹಾಸು, ದಾಳ, ಕಟ್ಟಿಗೆಯ ಟ್ಯಾಂಕು, ತೋಪು, ಕಾಲಾಳು. ತೋಪಿನ ಪಾಳಿ ಬಂದರೆ ಮೊದಲು ಹಾಸಿನಿಂದ ಎದ್ದುಹೋಗುವವರು ಕಾಲಾಳುಗಳೇ. ಮಕ್ಕಳಿಗೆ ಅದೇ ಖುಷಿ.

ಎಪ್ಪತ್ನಾಲ್ಕರ ಶ್ರಾವಣದಲ್ಲಿ ಅಮೋಗಸಿದ್ಧ ಅಂಗಡಿಗೆ ಬಂದು, ಆಟಕ್ಕೆ ಹೊಸ ಗಾಡಿ ಸೇರಿಸಬೇಕೆಂದ. ಮಿಲಿಟರಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಯಾವುದೋ ಹಳೆಯ ಪತ್ರಿಕೆಯಲ್ಲಿ ಅದರ ಚಿತ್ರ ನೋಡಿದ್ದನಂತೆ. ಹೊರದೇಶದ್ದು, ಪರೀಕ್ಷೆಗೆಂದು ಕಟ್ಟಿದ ಮೊದಮೊದಲ ಮಾದರಿ. ಟ್ಯಾಂಕಿನ ಹಾಗೆ ಉಕ್ಕಿನ ಪಟ್ಟಿಯ ಮೇಲೆ ಓಡುತ್ತದೆ, ನೆತ್ತಿಯ ಮೇಲೆ ತೋಪು ಇದೆ. ಆದರೆ ಅದರ ಹೊಟ್ಟೆಯಲ್ಲಿ ಕಾಲಾಳುಗಳು ಕೂರುತ್ತಾರೆ, ಕೂತಲ್ಲಿಂದಲೇ ಕಿಂಡಿಯಲ್ಲಿ ಬಂದೂಕು ತೂರಿಸಿ ಕಾದಾಡುತ್ತಾರೆ.

ಕಾಕಾ ನಕ್ಕರು. “ಮಂದಿ ಸಾಯಲಿಲ್ಲಂದ್ರ ಆಟ ಮುಗಿಯೂದು ಹ್ಯಾಂಗೋ?”

“ನನ್ನ ತಮ್ಮ ಕಾಮಣ್ಣ ಬಯಲಾಗ ನಡಕೋತ ಹೋಗಿ ಸತ್ತಾನ್ರಿ, ಸಾವಕಾರ್ರ. ಆಟದಾಗರ ನಾಕ ಮಂದಿ ಒಳಗ ಕುಂದರ್ಲಿ. ಇಲ್ಲಂದ್ರ ಇನ್ನ ಮ್ಯಾಲ ನಾ ಕಾಲಾಳು ಕೆತ್ತಂಗಿಲ್ಲ.”

ಕಾಕಾನ ನಗು ಅಲ್ಲಿಗೇ ನಿಂತಿತು. “ಆತು, ಮಾದರಿ ಮಾಡು. ದಿವಾಳಿಗೆ ಹೊಸ ಪೆಟಿಗಿ ತಗಿಯೂಣು,” ಎಂದರು.

ಕಾಮಣ್ಣನ ಸಂಗತಿ ನನಗೆ ಗೊತ್ತಿತ್ತು. ಅದೇ ಯುದ್ಧದಲ್ಲಿ, ಬೇರೆ ಪಲ್ಟನ್ನಿನಲ್ಲಿದ್ದ. ಗೋಧಿಯ ಹೊಲ ದಾಟುವಾಗ ಬಿದ್ದ. ಅಲ್ಲೇ ಸುಟ್ಟರು, ಮನೆಗೆ ಬಂದದ್ದು ಸಾವಿನ ಸುದ್ದಿಯ ತಾರು ಮಾತ್ರ. ಅವರ ಮನೆತನದಲ್ಲಿ ಸತ್ತವರ ಹೆಸರಿನಲ್ಲಿ ಟಾಕು ಎನ್ನುವ ಬೆಳ್ಳಿಯ ಸಣ್ಣ ಮೂರ್ತಿ ಮಾಡಿಸಿ, ಭಂಡಾರದ ಅರಿಷಿಣ ಹಚ್ಚಿ, ದೇವರ ಜಗಲಿಯ ಮೇಲೆ ಕುಲದೇವರು ಬೀರೋಬನ ಮಗ್ಗುಲಲ್ಲಿ ಕೂರಿಸುತ್ತಾರೆ. ಆಗಲೇ ಸತ್ತವನು ಮನೆಯ ದೇವರಾಗುವುದು. ಸಕ್ಕುಬಾಯಿ ಅದಕ್ಕೆ ಒಪ್ಪಿರಲಿಲ್ಲ. ಮುಖ ನೋಡದೆ ಮಗನನ್ನು ಹೇಗೆ ದೇವರು ಮಾಡಲಿ ಎನ್ನುತ್ತಿದ್ದಳು. ಮನೆಯಲ್ಲಿ ಯಾರೂ ಅಳುವಂತಿಲ್ಲ. “ಅಂವ ಇನ್ನಾ ದಾರ್ಯಾಗ ಇದ್ದಂಗ ಅದರಿ. ಅದೊಂದ ನನಗ ತಡಕೊಳ್ಳಾಕ ಆಗವಲ್ದು,” ಎಂದು ಅಮೋಗಸಿದ್ಧ ನನ್ನೆದುರು ಒಮ್ಮೆ ಬಾಯಿಬಿಟ್ಟಿದ್ದ.

ಮಾದರಿ ತರಲು ನಾನು ಒಂದು ರವಿವಾರ ಅಕ್ಕಲಕೋಟಕ್ಕೆ ಹೋದೆ. ಖೋಲಿಯ ಬಾಗಿಲಲ್ಲೇ ಅಮೋಗಸಿದ್ಧ ಕಲ್ಲಾಗಿ ನಿಂತಿದ್ದ. ಒಳಗೆ ನೋಡಿದರೆ ಗಾಡಿ ಜಗಲಿಯ ಮೇಲಿತ್ತು. ಮೈತುಂಬ ಭಂಡಾರ, ಮುಂದೆ ಉದಿನಕಡ್ಡಿ.

ಆಗಿದ್ದು ಇಷ್ಟೇ. ಬುಟ್ಟಿಗಟ್ಟಲೆ ಗೊಂಬೆ ಕೆತ್ತಿ ಮನೆತುಂಬ ಚೆಲ್ಲುವವನು ಇದೊಂದನ್ನು ಮಾತ್ರ, ತಾಯಿಗೆ ತಮ್ಮನ ನೆನಪಾದೀತೆಂದು, ಕಂಬಳಿಯ ಮರೆಯಲ್ಲಿಟ್ಟು ಕೆತ್ತಿದ್ದ. ತಾಯಿ ಅದನ್ನು ಕಂಡಳು. ಮುಚ್ಚಳ ತೆಗೆದರೆ ಒಳಗೆ ಫೌಜಿನ ಟೊಪ್ಪಿಗೆಯ ಹುಡುಗರು. ದೊಡ್ಡ ಮಗ ತನಗೆ ಹೆದರಿ ಕದ್ದು ತಮ್ಮನ ಟಾಕು ಮಾಡಿದ್ದಾನೆ ಎಂದುಕೊಂಡಳು. ಬೆಳ್ಳಿಯದಲ್ಲದಿದ್ದರೇನು, ಅಣ್ಣನ ಕೈಯದು. ಮೂರು ವರ್ಷ ಯಾರ ಮಾತಿಗೂ ಬಗ್ಗದವಳು ತಾನೇ ಎತ್ತಿ ಕೂರಿಸಿದ್ದಳು.

“ಅಮೋಗಾ, ಸಾಯುವಾಗ ನನ ಮಗ ಇದರಾಗ ಕುಂತಿದ್ದನಲ್ಲ? ಬಯಲಾಗ ಇದ್ದಿದ್ದಿಲ್ಲಲ್ಲ?” ಎಂದು ಈಗ ನನ್ನೆದುರೇ ಕೇಳಿದಳು.

ಹೂಂ ಅನ್ನು ಮಾರಾಯಾ, ಒಂದೇ ಒಂದು ಸಲ ಹೂಂ ಅನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನಾನಾಗಿದ್ದರೆ ಅಂದುಬಿಡುತ್ತಿದ್ದೆ. ಅವನು ಅನ್ನಲಿಲ್ಲ.

“ಇಲ್ಲಬೇ. ಇಂಥಾ ಗಾಡಿ ನಮ್ಮ ಹಂತ್ಯಾಕ ಇದ್ದಿದ್ದಿಲ್ಲ. ಕಾಮಣ್ಣ ನಡಕೋತ ಹೋದ.”

ನನಗೆ ಸಿಟ್ಟು ಬಂತು. ಸುಳ್ಳು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಸಕ್ಕುಬಾಯಿ ಗಾಡಿಯ ಮುಚ್ಚಳ ತೆಗೆದು, ಕಿಂಡಿಯ ಬಳಿ ಕೂತಿದ್ದ ಒಬ್ಬನನ್ನು ಈಚೆ ತೆಗೆದಳು. ಗಾಡಿಯನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.

“ಒಯ್ರಿ, ಚನ್ನವೀರಪ್ಪಾರ. ಇದು ನಮ್ಮದಲ್ಲ.”

ಆ ಪುಟ್ಟ ಮನುಷ್ಯನನ್ನು ಜಗಲಿಯ ಮೇಲೆ ನಿಲ್ಲಿಸಲು ಹೋದಳು. ಅದು ಉರುಳಿತು. ಮತ್ತೆ ನಿಲ್ಲಿಸಿದಳು, ಮತ್ತೆ ಉರುಳಿತು. ಗಾಡಿಯೊಳಗೆ ಕೂರುವವನು, ಯಾರು ನೋಡುತ್ತಾರೆ ಎಂದು ಅಮೋಗಸಿದ್ಧ ಸೊಂಟದವರೆಗೆ ಮಾತ್ರ ಕೆತ್ತಿದ್ದ.

“ಅಷ್ಟು ನಡದಂವಗ ಕಾಲ ಬ್ಯಾಡೇನೋ?” ಎಂದಳು ತಾಯಿ. “ಕಾಲ ಮಾಡಿ ಕೊಡು.”

ಅವನು ಹೊಸ್ತಿಲಲ್ಲೇ ಕೂತು ಚೂರಿ ಹಿಡಿದ. ಕಣ್ಣೀರು ಒರೆಸಿಕೊಳ್ಳಲು ಎಡಗೈ ಮೇಲೇಳದು, ಬಲಗೈ ಬಿಡುವಿಲ್ಲ, ಹಾಗೆಯೇ ಕೆತ್ತಿದ. ಸಣ್ಣ ಬೆಣೆ ಕೊಟ್ಟು ಕಾಲನ್ನು ಸೊಂಟಕ್ಕೆ ಕೂಡಿಸಿದ. ಸಕ್ಕುಬಾಯಿ ಅದನ್ನು ಬೀರೋಬನ ಮಗ್ಗುಲಲ್ಲಿ ನಿಲ್ಲಿಸಿದಳು. ಈ ಸಲ ನಿಂತಿತು. ಹಣೆಗೆ ಭಂಡಾರ ಹಚ್ಚಿದಳು.

“ನಡದು ನಡದು ಕಡೀಕ ಮನಿ ಮುಟ್ಟಿದೆಲ್ಲೋ, ನನ್ನಪ್ಪಾ,” ಎಂದವಳೇ ಜಗಲಿಗೆ ಹಣೆ ಹಚ್ಚಿ ಗೋಳೋ ಎಂದು ಅತ್ತಳು.